ಮಾಡ್‌ಬಸ್: ಕಾಯಿಸುವ ಯಂತ್ರಗಳ ಸಂಭಾಷಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಚ್ಚಲುಮನೆಯ ಹಂಡೆಗೆ ಉರುವಲಿನ ಕೊರತೆಯಿಲ್ಲ. ಒಣಗಿದ ಗರಿ, ಮಟ್ಟೆ, ಸಿಪ್ಪೆ, ಕರಟ, ಹೀಗೆ ತೋಟದಲ್ಲಿ ಬಿದ್ದುದೆಲ್ಲವೂ ಒಲೆಗೆ ಒದಗುತ್ತದೆ. ಅಮ್ಮಸಂದ್ರದ ಹಳೆಯ ಮನೆಯೊಂದರಲ್ಲಿ ಮುಂಜಾನೆ ಇಂತಹ ಹಂಡೆಯ ಮುಂದೆ ಕುಳಿತವರನ್ನು ನಾವು ಗಮನಿಸಿದರೆ, ಅವರು ಮೂರು ಕೆಲಸಗಳನ್ನು ಮಾಡುತ್ತಿರುವುದು ತಿಳಿಯುತ್ತದೆ. ನಡುನಡುವೆ ನೀರಿಗೆ ಬೆರಳನ್ನು ಅದ್ದಿ ನೋಡುತ್ತಾರೆ. ಸ್ನಾನಕ್ಕೆ ಬೇಕಾದ ಬಿಸಿಗೂ ಈಗಿರುವ ಬಿಸಿಗೂ ಎಷ್ಟು ಅಂತರವೆಂದು ಮನಸ್ಸಿನಲ್ಲೇ ಅಳೆಯುತ್ತಾರೆ. ಅದಕ್ಕೆ ತಕ್ಕಂತೆ ಮಟ್ಟೆಯನ್ನು ಒಲೆಯೊಳಕ್ಕೆ ನೂಕುತ್ತಾರೆ, ಇಲ್ಲವೆ ಹೊರಕ್ಕೆ ಎಳೆಯುತ್ತಾರೆ. ಯಂತ್ರಶಾಸ್ತ್ರದಲ್ಲಿ ನಿಯಂತ್ರಣವೆಂದು ಕರೆಯುವುದು ಇದನ್ನೇ. ಅಮ್ಮಸಂದ್ರವನ್ನು ಹೆಸರುವಾಸಿಯಾಗಿ ಮಾಡಿದ ಸಿಮೆಂಟಿನ ತಯಾರಿಕೆಯಲ್ಲಿ ಸುಣ್ಣಕಲ್ಲು ಜೇಡಿಗಳ ಪುಡಿಯನ್ನು ಸುಮಾರು ೧೪೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕಾಗುತ್ತದೆ. ಅಲ್ಲಿ ಬೆರಳನ್ನು ಅದ್ದುವಂತಿಲ್ಲವೆಂಬುದನ್ನು ಬಿಟ್ಟರೆ ಕ್ರಮವು ಬೇರೆಯಲ್ಲ.

ಒಂದು ಹಂಡೆಗೆ ಒಬ್ಬರ ಕಾವಲು ಸಾಕು. ಹಂಡೆಗಳು ಹಲವಾದರೆ, ಅವು ನಾಲ್ಕು ಅಂತಸ್ತುಗಳಲ್ಲಿ ಹರಡಿಕೊಂಡಿದ್ದರೆ ಏನು ಮಾಡುವುದು? ಅಮ್ಮಸಂದ್ರದಲ್ಲಿ ನಾಲ್ಕಂತಸ್ತಿನ ಒಂದು ವಿದ್ಯಾರ್ಥಿನಿಲಯವಿದೆಯೆಂದು ಕಲ್ಪಿಸಿಕೊಳ್ಳೋಣ. ಅದರ ಛಾವಣಿಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಫಲಕಗಳಿವೆ. ಮೋಡ ಕವಿದ ದಿನಗಳಿಗಾಗಿ, ತಲಾ ೫೦೦ ಲೀಟರು ನೀರು ಹಿಡಿಯುವ ಮೂರು ವಿದ್ಯುತ್ ಹಂಡೆಗಳಿವೆ. ಒಂದೊಂದರ ಹೀಟರೂ ೬ ಕಿಲೊವಾಟಿನದು. ಮೂರೂ ಒಮ್ಮೆಗೇ ಚಾಲೂ ಆದರೆ ೧೮ ಕಿಲೊವಾಟ್ ಹೊರೆ ಬೀಳುತ್ತದೆ. ಬಿಸಿಲು ಚೆನ್ನಾಗಿರುವ ದಿನ ಅವು ಚಾಲೂ ಆಗುವುದೇ ದಂಡ. ಒಂದರಲ್ಲಿ ನೀರಿಲ್ಲದೆ ಹೀಟರು ಉರಿಯುತ್ತಿದ್ದರೆ ಅದು ಕೆಳಗಿನವರಿಗೆ ತಿಳಿಯುವುದು ಸುಟ್ಟ ವಾಸನೆ ಬಂದ ಮೇಲೆಯೇ. ಕಾವಲುಗಾರನನ್ನು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿಸುವುದಕ್ಕೆ ಬದಲಾಗಿ, ಎಲ್ಲ ಹಂಡೆಗಳ ಉಷ್ಣತೆಯನ್ನು ಕೆಳಗೇ ಕುಳಿತು ಕೇಳಿ ತಿಳಿದು, ಅವಕ್ಕೆ ಕೆಳಗಿನಿಂದಲೇ ಅಪ್ಪಣೆ ಕೊಡಬಲ್ಲ ಒಂದು ಯಂತ್ರವಿದ್ದರೆ ಅನುಕೂಲ. ಪಂಪು, ದೀಪ, ಗಾಳಿಯಂತ್ರಗಳನ್ನೂ ಸೇರಿಸಿಕೊಂಡು ಹೀಗೆ ನಡೆಯುವ ವ್ಯವಸ್ಥೆಗೆ ಕಟ್ಟಡದ ಸ್ವಯಂನಿಯಂತ್ರಣ ಜಾಲವೆಂದು ಹೆಸರು. ಇಂತಹ ಜಾಲದಲ್ಲಿ ಯಂತ್ರಗಳಿಗೆ ಪರಸ್ಪರ ಅರ್ಥವಾಗುವ ಒಂದು ಭಾಷೆ ಬೇಕಷ್ಟೆ. ಅಂತಹ ಭಾಷೆಗಳಲ್ಲಿ ಅತ್ಯಂತ ಸರಳವೂ ಬಹಳ ಬಳಕೆಯಲ್ಲಿರುವುದೂ ಆದುದು ಮಾಡ್‌ಬಸ್.

ಇದು ಹುಟ್ಟಿದ್ದು ಅಮೆರಿಕದ ಕಾರ್ಖಾನೆಗಳಿಗಾಗಿ. ೧೯೬೮ರ ಸುಮಾರಿನಲ್ಲಿ ಡಿಕ್ ಮಾರ್ಲಿ ಎಂಬ ಎಂಜಿನಿಯರೂ ಆತನ ಸಂಗಡಿಗರೂ, ಮೋಟಾರು ಕಾರಖಾನೆಗಳಲ್ಲಿ ಗೋಡೆ ತುಂಬ ಹರಡಿಕೊಂಡಿದ್ದ ರಿಲೇಗಳ ಕೆಲಸವನ್ನು ತಾನೊಂದೇ ಮಾಡಬಲ್ಲ ವಿದ್ಯುನ್ಮಾನ ನಿಯಂತ್ರಕವನ್ನು ರೂಪಿಸತೊಡಗಿದರು. ಅದು ಅವರ ಸಂಸ್ಥೆಯ ಎಂಬತ್ತನಾಲ್ಕನೆಯ ಕಾರ್ಯವಾಗಿದ್ದುದರಿಂದ ಅದಕ್ಕೆ ಮಾಡಿಕಾನ್ ೦೮೪ ಎಂದು ಹೆಸರಾಯಿತು. ಇಂತಹ ನಿಯಂತ್ರಕಗಳು ಒಂದರೊಡನೊಂದು ಮಾತನಾಡುವುದಕ್ಕಾಗಿ ಮಾಡಿಕಾನ್ ಕಂಪನಿಯು ೧೯೭೯ರಲ್ಲಿ ಮಾಡ್‌ಬಸ್ಸಿನ ನಿಯಮಗಳನ್ನು ಪ್ರಕಟಿಸಿತು. ಯಾರು ಬೇಕಾದರೂ ಶುಲ್ಕವಿಲ್ಲದೆ ಅವನ್ನು ಬಳಸಬಹುದಾಗಿದ್ದುದೇ ಅದು ಹರಡಿದುದಕ್ಕೆ ದೊಡ್ಡ ಕಾರಣ. ಕಾರ್ಖಾನೆಗಾಗಿ ಹುಟ್ಟಿದ ಈ ಭಾಷೆಯನ್ನು ಇಂದು ಬಾಯ್ಲರು, ಹೀಟ್ ಪಂಪು, ವಿದ್ಯುತ್ ಮೀಟರುಗಳೂ ಆಡುತ್ತವೆ.

ಮಾಡ್‌ಬಸ್ಸಿನ ಕ್ರಮವನ್ನು ತಿಳಿಯುವುದಕ್ಕೆ ತರಗತಿಯ ಹಾಜರಿಯನ್ನು ನೆನೆದರೆ ಸಾಕು. ಉಪಾಧ್ಯಾಯರು ಒಂದು ಸಂಖ್ಯೆಯನ್ನು ಕರೆಯುತ್ತಾರೆ. ಆ ಸಂಖ್ಯೆಯವನು ಮಾತ್ರ ಉತ್ತರ ಕೊಡುತ್ತಾನೆ. ಉಳಿದವರು ಕೇಳಿಸಿಕೊಂಡರೂ ಸುಮ್ಮನಿರುತ್ತಾರೆ. ಜಾಲದಲ್ಲಿ ಕರೆಯುವ ಯಂತ್ರ ಒಂದೇ. ಉತ್ತರ ಕೊಡುವ ಒಂದೊಂದು ಉಪಕರಣಕ್ಕೂ ೧ರಿಂದ ೨೪೭ರವರೆಗಿನ ಒಂದು ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಎರಡು ಉಪಕರಣಗಳಿಗೆ ಒಂದೇ ಸಂಖ್ಯೆ ಬಂದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆದು, ಎರಡು ಉತ್ತರಗಳೂ ಕಲಸಿಹೋಗುತ್ತವೆ. ಸೊನ್ನೆಯೆಂದು ಕರೆದರೆ ಅದು ಎಲ್ಲರಿಗೂ ಕೊಟ್ಟ ಅಪ್ಪಣೆ. ಆಗ ಎಲ್ಲರೂ ಪಾಲಿಸಬೇಕು, ಯಾರೂ ಉತ್ತರ ಕೊಡಕೂಡದು. ಕರೆಯುವವನನ್ನು ಒಡೆಯನೆಂದೂ ಉತ್ತರಿಸುವವನನ್ನು ಆಳೆಂದೂ ಕರೆಯುವ ವಾಡಿಕೆ ಬಹುಕಾಲ ಇತ್ತು. ೨೦೨೦ರಲ್ಲಿ ಮಾಡ್‌ಬಸ್ ಸಂಸ್ಥೆಯು ಆ ಮಾತುಗಳನ್ನು ಕೈಬಿಟ್ಟು ಕ್ಲೈಂಟ್, ಸರ್ವರ್ ಎಂಬ ಹೆಸರುಗಳನ್ನು ಇಟ್ಟುಕೊಂಡಿತು. ಕೇಳುವವನು ಕ್ಲೈಂಟ್, ಒದಗಿಸುವವನು ಸರ್ವರ್ ಆದುದರಿಂದ ಈ ಲೆಕ್ಕದಲ್ಲಿ ನಮ್ಮ ಹಂಡೆಯೇ ಸರ್ವರ್!

ಕರೆಯಲ್ಲಿ ಏನಿರುತ್ತದೆ? ಒಂದು ಉಪಕರಣದೊಳಗೆ ಅನೇಕ ಗೂಡುಗಳಿವೆಯೆಂದೂ ಒಂದೊಂದು ಗೂಡಿನಲ್ಲಿಯೂ ಒಂದು ಸಂಖ್ಯೆಯಿದೆಯೆಂದೂ ಭಾವಿಸಬೇಕು. ಈ ಗೂಡುಗಳಿಗೆ ರಿಜಿಸ್ಟರುಗಳೆಂದು ಹೆಸರು. ಒಂದು ರಿಜಿಸ್ಟರಿನಲ್ಲಿ ಹದಿನಾರು ಬಿಟ್‌ಗಳು, ಎಂದರೆ ೦ಯಿಂದ ೬೫೫೩೫ರವರೆಗಿನ ಯಾವುದಾದರೊಂದು ಪೂರ್ಣಾಂಕವು ಹಿಡಿಯುತ್ತದೆ. ಮೂರನೆಯ ಹಂಡೆಯ ಉಷ್ಣತೆ ಬೇಕಾದಾಗ ಜಾಲದ ಯಂತ್ರವು ಎಂಟು ಬೈಟುಗಳ ಒಂದು ಸಾಲನ್ನು ತಂತಿಯ ಮೇಲೆ ಕಳುಹಿಸುತ್ತದೆ. ಮೊದಲನೆಯದು ೩, ಅದು ಹಂಡೆಯ ಸಂಖ್ಯೆ. ಎರಡನೆಯದೂ ೩, ಅದು ಕಾರ್ಯದ ಸಂಕೇತ. ಓದಿ ಹೇಳು ಎಂದು ಅದರ ಅರ್ಥ. ಆಮೇಲಿನ ಎರಡು ಬೈಟುಗಳು ಯಾವ ರಿಜಿಸ್ಟರಿನಿಂದ ಎಂಬುದನ್ನೂ ಅವುಗಳ ಮುಂದಿನ ಎರಡು ಎಷ್ಟು ರಿಜಿಸ್ಟರುಗಳು ಎಂಬುದನ್ನೂ ತಿಳಿಸುತ್ತವೆ. ಕೊನೆಯ ಎರಡು ಬೈಟುಗಳಲ್ಲಿ ಮೊದಲಿನ ಆರರಿಂದ ಗಣಿಸಿದ ತಾಳೆಯಂಕವಿರುತ್ತದೆ. ಹಂಡೆಯು ತಾನೂ ಅದೇ ಗಣನೆಯನ್ನು ಮಾಡಿ ನೋಡುತ್ತದೆ. ತಾಳೆಯಾಗದಿದ್ದರೆ ದಾರಿಯಲ್ಲಿ ಮಾತು ಕೆಟ್ಟಿದೆಯೆಂದು ತಿಳಿದು ಸುಮ್ಮನಿರುತ್ತದೆ. ತಾಳೆಯಾದರೆ ಉತ್ತರವನ್ನು ಕಳುಹಿಸುತ್ತದೆ. ಕೇಳಿದ ರಿಜಿಸ್ಟರೇ ತನ್ನಲ್ಲಿಲ್ಲವಾದರೆ ಕಾರ್ಯಸಂಕೇತಕ್ಕೆ ೧೨೮ನ್ನು ಕೂಡಿಸಿ, ೩ಕ್ಕೆ ಬದಲಾಗಿ ೧೩೧ ಎಂದು ಹೇಳಿ, ಆಕ್ಷೇಪಣೆ ಸಲ್ಲಿಸುತ್ತದೆ. ಓದುವುದಕ್ಕೆ ಸಂಕೇತ ೩ ಆದಂತೆ, ಒಂದು ರಿಜಿಸ್ಟರಿನಲ್ಲಿ ಹೊಸ ಸಂಖ್ಯೆಯನ್ನು ಬರೆಯುವುದಕ್ಕೆ ಸಂಕೇತ ೬.

ಇಷ್ಟು ಸರಳವಾದುದರಿಂದಲೇ ತೊಡಕೂ ಹುಟ್ಟುತ್ತದೆ. ಮಾಡ್‌ಬಸ್ ಸಂಖ್ಯೆಯನ್ನು ಒಯ್ಯುತ್ತದೆಯೇ ಹೊರತು ಅದರ ಅರ್ಥವನ್ನು ಒಯ್ಯುವುದಿಲ್ಲ. ಮೂರನೆಯ ಹಂಡೆಯ ನೀರು ೬೨.೫ ಡಿಗ್ರಿ ಇದೆಯೆನ್ನೋಣ. ರಿಜಿಸ್ಟರಿನಲ್ಲಿ ದಶಾಂಶಕ್ಕೆ ಸ್ಥಳವಿಲ್ಲದ ಕಾರಣ ಬಹುಮಂದಿ ತಯಾರಕರು ಅದನ್ನು ಹತ್ತರಿಂದ ಗುಣಿಸಿ ೬೨೫ ಎಂದು ಇಡುತ್ತಾರೆ. ತಂತಿಯ ಮೇಲೆ ಅದು ೨, ೧೧೩ ಎಂಬ ಎರಡು ಬೈಟುಗಳಾಗಿ ಬರುತ್ತದೆ. ೨ನ್ನು ೨೫೬ರಿಂದ ಗುಣಿಸಿ ೧೧೩ನ್ನು ಕೂಡಿದರೆ ೬೨೫. ಹತ್ತರಿಂದ ಭಾಗಿಸಲು ಮರೆತವನಿಗೆ ನೀರು ೬೨೫ ಡಿಗ್ರಿ ಇದ್ದಂತೆ ಕಾಣುತ್ತದೆ. ಬೈಟುಗಳನ್ನು ಹಿಂದುಮುಂದಾಗಿ ಓದಿದವನಿಗೆ ೨೮೯೩೦, ಎಂದರೆ ೨೮೯೩ ಡಿಗ್ರಿಯಾಗುತ್ತದೆ. ಅಷ್ಟು ಶಾಖದಲ್ಲಿ ಹಂಡೆಯ ಉಕ್ಕೂ ಕುದಿಯುವ ಸ್ಥಿತಿಗೆ ಬಂದಿರುತ್ತಿತ್ತು. ಇಂತಹ ತಪ್ಪುಗಳು ನಗೆ ಬರಿಸುವಷ್ಟು ದೊಡ್ಡವಾದುದರಿಂದ ಬೇಗ ಸಿಕ್ಕಿಬೀಳುತ್ತವೆ. ಸಣ್ಣ ತಪ್ಪೇ ಹೆಚ್ಚು ಕೆಟ್ಟದ್ದು. ತಯಾರಕರ ಕೈಪಿಡಿಯಲ್ಲಿ ೪೦೦೦೧ ಎಂದು ಅಚ್ಚಾಗಿರುವ ರಿಜಿಸ್ಟರು ತಂತಿಯ ಮೇಲೆ ೦ ಆಗಿರುತ್ತದೆ, ೪೦೦೦೨ ಎಂಬುದು ೧. ಇದನ್ನು ಅರಿಯದೆ ಎಣಿಕೆಯಲ್ಲಿ ಒಂದು ತಪ್ಪಿದವನು, ನೀರಿನ ನಿಜವಾದ ಉಷ್ಣತೆಯೆಂದು ತಿಳಿದು ಪಕ್ಕದ ಗೂಡಿನಲ್ಲಿರುವ ಅಪೇಕ್ಷಿತ ಉಷ್ಣತೆಯನ್ನು ಓದುತ್ತಿರಬಹುದು. ಅದು ಯಾವಾಗಲೂ ೬೦.೦ ಎಂದೇ ತೋರಿಸುತ್ತದೆ. ನೋಡುವವನು ಹಂಡೆಯು ಬಹಳ ಚೆನ್ನಾಗಿ ನಡೆಯುತ್ತಿದೆಯೆಂದು ಸಂತೋಷಪಡುತ್ತಾನೆ!

ಬರೆಯುವಾಗ ಇದೇ ತಪ್ಪು ಅಪಾಯಕ್ಕೆ ತಿರುಗುತ್ತದೆ. ಹತ್ತರ ಲೆಕ್ಕದ ಹಂಡೆಗೆ ೬೦ ಎಂದು ಬರೆದರೆ ಅದು ೬ ಡಿಗ್ರಿಯೆಂದು ತಿಳಿದು ತಣ್ಣಗೆ ಕೂರುತ್ತದೆ. ಪೂರ್ಣ ಡಿಗ್ರಿಗಳ ಲೆಕ್ಕದ ಹಂಡೆಗೆ ೬೦೦ ಎಂದು ಬರೆದರೆ ಆರುನೂರು ಡಿಗ್ರಿ ಮಾಡೆಂದು ಅಪ್ಪಣೆ ಕೊಟ್ಟಂತೆ. ಒಳ್ಳೆಯ ತಯಾರಕರು ಇಂತಹ ಸಂಖ್ಯೆಯನ್ನು ಆಕ್ಷೇಪಣೆಯೊಡನೆ ನಿರಾಕರಿಸುವಂತೆ ಏರ್ಪಡಿಸಿರುತ್ತಾರೆ. ಆದರೆ ಮಾಡ್‌ಬಸ್ಸಿನ ನಿಯಮಗಳು ಹಾಗೆ ಮಾಡಲೇಬೇಕೆಂದು ವಿಧಿಸಿಲ್ಲ. ಇನ್ನೊಂದು ಸೂಕ್ಷ್ಮವುಂಟು. ಅಪೇಕ್ಷಿತ ಉಷ್ಣತೆಯನ್ನು ಅನೇಕ ಉಪಕರಣಗಳು ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಕೋಶದಲ್ಲಿ ಇಡುತ್ತವೆ. ಇಂತಹ ಕೋಶಕ್ಕೆ ಸಾಮಾನ್ಯವಾಗಿ ಒಂದು ಲಕ್ಷ ಸಲ ಬರೆಯುವಷ್ಟು ಆಯುಸ್ಸೆಂದು ಹೇಳುತ್ತಾರೆ. ಸೆಕೆಂಡಿಗೊಮ್ಮೆ ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಬರೆಯುವ ಅವಿವೇಕದ ಯಂತ್ರವು ಈ ಆಯುಸ್ಸನ್ನು ೨೮ ಗಂಟೆಗಳೊಳಗೆ ಮುಗಿಸಿಬಿಡುತ್ತದೆ. ಓದುವುದನ್ನು ಎಷ್ಟು ಸಲವಾದರೂ ಮಾಡಬಹುದು. ಬರೆಯುವುದು ಸಂಖ್ಯೆ ಬದಲಾದಾಗ ಮಾತ್ರ.

ಇನ್ನು ತಂತಿಯ ಮಾತು. ಕಟ್ಟಡಗಳಲ್ಲಿ ಮಾಡ್‌ಬಸ್ ಸಾಮಾನ್ಯವಾಗಿ ಹರಿಯುವುದು ಆರ್‌ಎಸ್-೪೮೫ ಎಂಬ ಮಾನದಂಡದ ಎರಡು ತಂತಿಗಳ ಮೇಲೆ. ತೆಂಗಿನ ನಾರಿನ ಹುರಿಯಂತೆ ಇವೆರಡನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಸಂದೇಶವಿರುವುದು ಒಂದು ತಂತಿಯ ವಿದ್ಯುದೊತ್ತಡದಲ್ಲಲ್ಲ, ಎರಡರ ಒತ್ತಡಗಳ ಅಂತರದಲ್ಲಿ. ಪಕ್ಕದಲ್ಲಿ ಪಂಪಿನ ಮೋಟಾರು ಚಾಲೂ ಆಗಿ ತಂತಿಗಳನ್ನು ಕದಡಿದರೂ, ಹೊಸೆದ ಎರಡೂ ಒಂದೇ ಸಮನಾಗಿ ಕದಡುವುದರಿಂದ ಅಂತರವು ಹಾಗೆಯೇ ಉಳಿಯುತ್ತದೆ. ಹೀಗೆ ೧೨೦೦ ಮೀಟರು ದೂರದವರೆಗೆ, ಸಾಮಾನ್ಯ ಲೆಕ್ಕದಲ್ಲಿ ೩೨ ಉಪಕರಣಗಳವರೆಗೆ ಒಂದೇ ಜೋಡಿ ತಂತಿಯಲ್ಲಿ ಪೋಣಿಸಬಹುದು. ಪೋಣಿಸಬೇಕು ಎಂಬ ಮಾತನ್ನು ಗಮನಿಸಬೇಕು: ಒಂದು ಹಂಡೆಯಿಂದ ಮುಂದಿನ ಹಂಡೆಗೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೀಗೆ ಸಾಲಾಗಿ, ತೆಂಗಿನ ಸುಳಿಯಿಂದ ನಾಲ್ಕೂ ಕಡೆಗೆ ಗರಿಗಳು ಹೊರಟಂತೆ ಅಲ್ಲ. ಕೆರೆಯ ಅಲೆ ಏರಿಗೆ ಬಡಿದು ಹಿಂದಿರುಗುವಂತೆ ವಿದ್ಯುತ್ತಿನ ಅಲೆಯೂ ತಂತಿಯ ತುದಿಯಲ್ಲಿ ಹಿಂದಿರುಗಿ ಹೊಸ ಮಾತನ್ನು ಕೆಡಿಸುವುದರಿಂದ, ಸಾಲಿನ ಎರಡು ತುದಿಗಳಲ್ಲಿ ೧೨೦ ಓಮಿನ ರೋಧಕಗಳನ್ನು ಇಟ್ಟು ಅದನ್ನು ಹೀರಿಸಿಬಿಡುತ್ತಾರೆ. ತಂತಿಗಳಿಗೆ ಎ, ಬಿ ಎಂದು ಹೆಸರಿದ್ದರೂ ಯಾವುದು ಎ ಎಂಬುದರಲ್ಲಿ ತಯಾರಕರಲ್ಲಿಯೇ ಒಮ್ಮತವಿಲ್ಲ. ಮೊದಲ ದಿನ ಯಾವ ಉಪಕರಣವೂ ಉತ್ತರ ಕೊಡದಿದ್ದರೆ ಅನುಭವಸ್ಥರು ಮಾಡುವ ಮೊದಲ ಕೆಲಸ ಎರಡನ್ನೂ ಅದಲುಬದಲು ಮಾಡಿ ನೋಡುವುದು.

ಹಳೆಯ ಹಂಡೆಗಳಿಗೆ ಈ ಭಾಷೆ ಬಾರದು. ಅವುಗಳಲ್ಲಿರುವುದು ಒಂದು ಉಷ್ಣಸ್ಥಾಪಕ, ಎಂದರೆ ಥರ್ಮೋಸ್ಟಾಟ್, ಮಾತ್ರ. ಆಗ ನೀರಿನಲ್ಲಿ ಒಂದು ಉಷ್ಣಮಾಪಕವನ್ನಿಟ್ಟು, ಹೀಟರಿನ ದಾರಿಯಲ್ಲಿ ಒಂದು ರಿಲೇಯನ್ನಿಟ್ಟು, ಎರಡನ್ನೂ ಮಾಡ್‌ಬಸ್ ಬಲ್ಲ ಒಂದು ಸಣ್ಣ ಪೆಟ್ಟಿಗೆಗೆ ಜೋಡಿಸಿದರೆ ಮೂಕ ಹಂಡೆಗೆ ದುಭಾಷಿ ಸಿಕ್ಕಿದಂತಾಗುತ್ತದೆ. ಆದರೆ ಹೀಗೆ ಮಾಡುವಾಗ ಹಳೆಯ ಉಷ್ಣಸ್ಥಾಪಕವನ್ನು ಕಿತ್ತುಹಾಕಕೂಡದು. ರಿಲೇಯನ್ನು ಅದರೊಡನೆ ಸರಣಿಯಲ್ಲಿಯೇ ಜೋಡಿಸಬೇಕು. ಕಾರಣವನ್ನು ಮುಂದೆ ನೋಡೋಣ.

ಈ ಸಂಭಾಷಣೆಯ ವೇಗವೆಷ್ಟು? ಸಾಮಾನ್ಯವಾಗಿ ಸೆಕೆಂಡಿಗೆ ೯೬೦೦ ಬಿಟ್‌ಗಳು. ಒಂದು ಬೈಟನ್ನು ಕಳುಹಿಸಲು, ಆದಿ ಅಂತ್ಯದ ಗುರುತುಗಳೂ ಸೇರಿ, ೧೧ ಬಿಟ್‌ಗಳು ಬೇಕು. ಎಂಟು ಬೈಟುಗಳ ಪ್ರಶ್ನೆಗೆ ಒಂಬತ್ತು ಮಿಲಿಸೆಕೆಂಡು, ಏಳು ಬೈಟುಗಳ ಉತ್ತರಕ್ಕೆ ಎಂಟು. ನಡುವೆ ಬಿಡಬೇಕಾದ ಮೌನವನ್ನೂ ಉಪಕರಣವು ಯೋಚಿಸುವ ಹೊತ್ತನ್ನೂ ಸೇರಿಸಿದರೆ ಒಂದು ಸೆಕೆಂಡಿನಲ್ಲಿ ಸುಮಾರು ಇಪ್ಪತ್ತು ಉಪಕರಣಗಳನ್ನು ವಿಚಾರಿಸಬಹುದು. ಇಂದಿನ ಕಂಪ್ಯೂಟರುಗಳ ವೇಗದ ಮುಂದೆ ಇದು ಎತ್ತಿನ ಗಾಡಿ. ಆದರೆ ಶಾಖದ ವ್ಯವಹಾರ ಇನ್ನೂ ನಿಧಾನ. ೫೦೦ ಲೀಟರು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು ೨೦೯೦ ಕಿಲೊಜೌಲ್ ಶಾಖ ಬೇಕು; ೬ ಕಿಲೊವಾಟಿನ ಹೀಟರು ಅದನ್ನು ಕೊಡುವುದಕ್ಕೆ ಆರು ನಿಮಿಷಗಳ ಹತ್ತಿರ ಹಿಡಿಯುತ್ತದೆ. ಸೆಕೆಂಡಿಗೊಮ್ಮೆ ವಿಚಾರಿಸುವ ಯಂತ್ರಕ್ಕೆ ಇಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಉತ್ತರಗಳು ಬಂದಿರುತ್ತವೆ. ತೆಂಗಿನ ಪುಡಿಯ ಕಾರ್ಖಾನೆಯಲ್ಲಿ ಇಷ್ಟು ನಿಧಾನ ನಡೆಯದು. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಿರುವ ನೀರನ್ನು ಬಿಸಿಗಾಳಿಯಿಂದ ಶೇಕಡಾ ೩ರಷ್ಟಕ್ಕೆ ಇಳಿಸಬೇಕು. ಗಾಳಿಯ ಬಿಸಿ ಮೀರಿದರೆ ಪುಡಿ ಕಂದುತ್ತದೆ, ಸಾಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅಲ್ಲಿಯೂ ಗಾಳಿ ಬರುವ ಕಡೆ, ಹೋಗುವ ಕಡೆ ಉಷ್ಣಮಾಪಕಗಳನ್ನಿಟ್ಟು ಇದೇ ಎರಡು ತಂತಿಗಳಿಂದ ಓದಬಹುದು. ತಿಪಟೂರಿನ ಉಂಡೆ ಕೊಬ್ಬರಿಯಾದರೋ ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಕುಳಿತು ತಾನಾಗಿಯೇ ಒಣಗುತ್ತದೆ. ಅದಕ್ಕೆ ಮಾಡ್‌ಬಸ್ಸಿನ ಹಂಗಿಲ್ಲ.

ಹಾಜರಿಯ ಹೋಲಿಕೆಗೆ ಮತ್ತೆ ಬರೋಣ. ತರಗತಿಯಲ್ಲಿ ಒಬ್ಬನ ಅಂಗಿಗೆ ಬೆಂಕಿ ಹತ್ತಿದರೆ ಅವನು ತನ್ನ ಸಂಖ್ಯೆ ಬರುವವರೆಗೆ ಕಾಯದೆ ಕೂಗಿಕೊಳ್ಳುತ್ತಾನೆ. ಮಾಡ್‌ಬಸ್ಸಿನ ತಂತಿಯ ಮೇಲೆ ಇದು ಸಾಧ್ಯವಿಲ್ಲ. ಹಂಡೆಯು ತನಗೆ ಒದಗಿದ ವಿಪತ್ತನ್ನು ಕೇಳುವವರೆಗೆ ಹೇಳುವಂತಿಲ್ಲ. ಕೇಳುವ ಯಂತ್ರವು ಕೆಟ್ಟಿದ್ದರೆ, ತಂತಿಯನ್ನು ಇಲಿ ಕಡಿದಿದ್ದರೆ, ಅದು ಹೇಳುವ ಸರದಿ ಎಂದಿಗೂ ಬರುವುದಿಲ್ಲ. ಚಾಲೂ ಮಾಡು ಎಂಬ ಅಪ್ಪಣೆ ಮುಟ್ಟಿದ ಮರುಕ್ಷಣ ತಂತಿ ತುಂಡಾದರೆ ನಿಲ್ಲಿಸು ಎಂಬ ಅಪ್ಪಣೆಯೂ ಮುಟ್ಟುವುದಿಲ್ಲ. ಅಮ್ಮಸಂದ್ರದಂತಹ, ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಸುಪಾಸು ಎತ್ತರವಿರುವ ಬಯಲುಸೀಮೆಯಲ್ಲಿ ತೆರೆದ ನೀರು ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮುಚ್ಚಿದ ಹಂಡೆಯಲ್ಲಿ ಒತ್ತಡವು ಏರಿ, ನೀರು ಕುದಿಯದೆಯೇ ಇನ್ನೂ ಬಿಸಿಯಾಗುತ್ತದೆ; ಆಗ ಎಲ್ಲಿಯಾದರೂ ಬಿರುಕು ಬಿಟ್ಟರೆ ಆ ನೀರಿನ ಒಂದು ಪಾಲು ಒಡನೆಯೇ ಉಗಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಇದು ಬಾಂಬಿಗಿಂತ ಕಡಮೆಯದಲ್ಲ. ಆದುದರಿಂದ ಅತಿಶಾಖವಾದಾಗ ವಿದ್ಯುತ್ತನ್ನು ಕಡಿಯುವ ಕಟೌಟು, ಅತಿಯಾದ ಒತ್ತಡವನ್ನು ಹೊರಬಿಡುವ ಕವಾಟ, ನೀರಿಲ್ಲದಾಗ ಹೀಟರನ್ನು ತಡೆಯುವ ತೇಲುಗುಂಡು, ಇವು ಮೂರೂ ಹಂಡೆಯಲ್ಲಿಯೇ ಇರಬೇಕು. ಜಾಲದ ಅಪ್ಪಣೆಗೆ ಕಾಯದೆ, ಜಾಲದ ಅಪ್ಪಣೆಯನ್ನು ಮೀರಿ ಕೆಲಸ ಮಾಡಬೇಕು. ಜಾಲವು ಎಷ್ಟು ಬಿಸಿ ಬೇಕೆಂಬುದನ್ನು ಹೇಳಲಿ. ಎಷ್ಟನ್ನು ಮೀರಕೂಡದೆಂಬುದನ್ನು ಹೇಳುವ ಅಧಿಕಾರವನ್ನು ಅದಕ್ಕೆ ಕೊಡಲಾಗದು. ಹಳೆಯ ಉಷ್ಣಸ್ಥಾಪಕವನ್ನು ಸರಣಿಯಲ್ಲಿಯೇ ಉಳಿಸಬೇಕೆಂದುದು ಇದಕ್ಕಾಗಿ.

ಬಿಸಿ ಕಡಮೆಯಾದರೂ ತೊಂದರೆಯುಂಟು. ಉಗುರುಬೆಚ್ಚಗಿನ ನೀರು ಹಂಡೆಯಲ್ಲಿ ಬಹುಕಾಲ ನಿಂತರೆ ಲೆಜಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಅಲ್ಲಿ ಬೆಳೆದು, ಸ್ನಾನದ ತುಂತುರಿನ ಮೂಲಕ ಶ್ವಾಸಕೋಶವನ್ನು ಸೇರಿ ಕಠಿಣವಾದ ನ್ಯುಮೋನಿಯವನ್ನು ಉಂಟುಮಾಡಬಲ್ಲುದು. ಆದುದರಿಂದ ಸಂಗ್ರಹದ ನೀರನ್ನು ೬೦ ಡಿಗ್ರಿಯಲ್ಲಿಡಬೇಕೆಂದು ತಜ್ಞರು ಹೇಳುತ್ತಾರೆ. ಅಷ್ಟು ಬಿಸಿಯ ನೀರು ನೇರವಾಗಿ ನಲ್ಲಿಯಲ್ಲಿ ಬಂದರೆ ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ, ತಣ್ಣೀರು ಬೆರೆಸುವ ಕವಾಟವೊಂದು ದಾರಿಯಲ್ಲಿರಬೇಕು. ವಿದ್ಯುತ್ತನ್ನು ಉಳಿಸುವ ಉತ್ಸಾಹದಲ್ಲಿ ಜಾಲದಿಂದ ೪೦ ಎಂದು ಬರೆಯುವವರು ಇದನ್ನು ಮರೆಯಬಾರದು. ಸಂಪರ್ಕ ತಪ್ಪಿದಾಗ ಹಂಡೆಯು ಏನು ಮಾಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿರಬೇಕು. ಒಳ್ಳೆಯ ನಿಯಂತ್ರಕಗಳಲ್ಲಿ, ಒಂದು ನಿಮಿಷದವರೆಗೆ ಯಾರೂ ತನ್ನನ್ನು ವಿಚಾರಿಸದಿದ್ದರೆ ಜಾಲದ ಅಪ್ಪಣೆಯನ್ನು ಬದಿಗಿಟ್ಟು ತನ್ನ ಸ್ವಂತ ಅಂಕಕ್ಕೆ, ನಮ್ಮ ಉದಾಹರಣೆಯಲ್ಲಿ ೬೦ಕ್ಕೆ, ಮರಳುವಂತೆ ಏರ್ಪಡಿಸಬಹುದು.

ಮಾಡ್‌ಬಸ್ಸಿಗೆ ಇನ್ನೂ ಒಂದು ದೌರ್ಬಲ್ಯವಿದೆ. ಕೇಳುವವನು ಯಾರೆಂಬುದನ್ನು ಅದು ಕೇಳುವುದಿಲ್ಲ. ತಾಳೆಯಂಕವು ದಾರಿಯಲ್ಲಿ ಮಾತು ಕೆಟ್ಟುದನ್ನು ಹಿಡಿಯುತ್ತದೆ, ಕೆಟ್ಟವನು ಆಡಿದ ಮಾತನ್ನು ಹಿಡಿಯದು. ಒಂದು ಕಟ್ಟಡದೊಳಗಿನ ಎರಡು ತಂತಿಗಳ ಕಾಲದಲ್ಲಿ ಇದರಿಂದ ಬಾಧಕವಿರಲಿಲ್ಲ. ೧೯೯೯ರ ಹೊತ್ತಿಗೆ ಇದೇ ಭಾಷೆಯನ್ನು ಇಂಟರ್‌ನೆಟ್ಟಿನ ನಿಯಮಗಳ ಮೇಲೆ ಸಾಗಿಸುವ ಕ್ರಮ ಬಂದ ಮೇಲೆ, ಎಲ್ಲಿಯೋ ಕುಳಿತವನೂ ಉಪಾಧ್ಯಾಯರ ಕುರ್ಚಿಯಲ್ಲಿ ಕುಳಿತು ಹಾಜರಿ ಕರೆಯುವುದು ಸಾಧ್ಯವಾಯಿತು. ಯುಕ್ರೇನಿನ ಲ್ವೀವ್ ನಗರದಲ್ಲಿ ೨೦೨೪ರ ಜನವರಿಯಲ್ಲಿ ನಡೆದುದು ಇದೇ. ಆ ಶೀತದೇಶದ ನಗರಗಳಲ್ಲಿ ಒಂದು ಕೇಂದ್ರದಿಂದ ಬಿಸಿನೀರನ್ನು ಕೊಳವೆಗಳಲ್ಲಿ ಹರಿಸಿ ಮನೆಗಳನ್ನು ಬೆಚ್ಚಗಿಡುತ್ತಾರೆ. ಅಲ್ಲಿನ ಜಾಲದೊಳಕ್ಕೆ ನುಸುಳಿದವರು ಶಾಖದ ನಿಯಂತ್ರಕಗಳಿಗೆ ಮಾಡ್‌ಬಸ್ ಅಪ್ಪಣೆಗಳನ್ನು ಕಳುಹಿಸಿದರು. ನಿಯಂತ್ರಕಗಳು ತಪ್ಪು ಅಳತೆಗಳನ್ನು ತೋರಿಸತೊಡಗಿ, ಕೊಳವೆಗಳಲ್ಲಿ ಬಿಸಿನೀರಿಗೆ ಬದಲಾಗಿ ತಣ್ಣೀರು ಹರಿಯಿತು. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದಾಗ ಆರುನೂರಕ್ಕೂ ಹೆಚ್ಚು ವಸತಿ ಕಟ್ಟಡಗಳ ಜನ ಸುಮಾರು ಎರಡು ದಿನ ಶಾಖವಿಲ್ಲದೆ ಕಳೆಯಬೇಕಾಯಿತು. ಅದಕ್ಕೆ ಬಳಸಿದ ಕ್ರಮವಿಧಿಗೆ ಫ್ರಾಸ್ಟಿಗೂಪ್ ಎಂದು ಹೆಸರಿಟ್ಟು ಡ್ರೇಗೋಸ್ ಎಂಬ ಸಂಸ್ಥೆಯು ೨೦೨೪ರ ಜುಲೈ ತಿಂಗಳಲ್ಲಿ ವಿವರಗಳನ್ನು ಪ್ರಕಟಿಸಿತು. ಅಲ್ಲಿ ಕಳುಹಿಸಿದ ಅಪ್ಪಣೆಗಳಿಗೂ ನಾವು ಮೇಲೆ ವರ್ಣಿಸಿದವಕ್ಕೂ ಜಾತಿಯಲ್ಲಿ ಭೇದವಿಲ್ಲ. ಓದು, ಬರೆ, ಅಷ್ಟೆ. ಆದುದರಿಂದ ಮಾಡ್‌ಬಸ್ ಉಪಕರಣಗಳನ್ನು ಹೊರಗಿನ ಇಂಟರ್‌ನೆಟ್ಟಿಗೆ ನೇರವಾಗಿ ಜೋಡಿಸಬಾರದು. ದೂರದಿಂದ ನೋಡಲೇಬೇಕಾದರೆ ಬಾಗಿಲಲ್ಲಿ ಗುರುತು ಕೇಳುವ ಬೇರೊಂದು ಕಾವಲನ್ನು ಇಡಬೇಕು.

ನಮ್ಮ ವಿದ್ಯಾರ್ಥಿನಿಲಯದ ಹಂಡೆಗಳನ್ನು ಜಾಲಕ್ಕೆ ಸೇರಿಸಿಯಾಯಿತೆನ್ನೋಣ. ಕೆಳಗಿನ ಪರದೆಯಲ್ಲಿ ಮೂರು ಅಂಕಗಳೂ ಸರಿಯಾಗಿ ಕಾಣುತ್ತಿವೆ. ಮೊದಲು ಒಂದು ಸಾಮಾನ್ಯ ಉಷ್ಣಮಾಪಕವನ್ನು ಹಿಡಿದು ಛಾವಣಿಗೆ ಹತ್ತಿ, ಪರದೆಯ ಅಂಕವೂ ನೀರಿನ ಬಿಸಿಯೂ ಒಂದೇ ಎಂಬುದನ್ನು ನೋಡಬೇಕು. ಅನಂತರ ನೀರು ಇನ್ನೂ ೬೦ ಡಿಗ್ರಿಯನ್ನು ಮುಟ್ಟದೆ ಹೀಟರು ಉರಿಯುತ್ತಿರುವಾಗಲೇ ಮಾಡ್‌ಬಸ್ಸಿನ ತಂತಿಯನ್ನು ಕೈಯಾರೆ ಕಳಚಿ, ಹಂಡೆಯ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಅದು ೬೦ಕ್ಕೆ ಬಂದು ತಾನಾಗಿ ನಿಲ್ಲುತ್ತದೆಯೋ ಇಲ್ಲವೋ ಎಂಬುದು ಐದು ನಿಮಿಷದಲ್ಲಿ ತಿಳಿಯುವ ವಿಷಯವಲ್ಲ. ಈ ಹಂಡೆಯಲ್ಲಿ ಡಿಗ್ರಿಗೆ ಆರು ನಿಮಿಷದಂತೆ, ಹತ್ತು ಡಿಗ್ರಿಯ ಏರಿಕೆಯನ್ನು ಕಾಣಲು ಒಂದು ಗಂಟೆ ಬೇಕು.